ಮೊಯ್ದಿಚ್ಚರ ದನಿಯಲ್ಲಿ ನಾನು ಹೇಳಿದ್ದು

ಆ ಸಂಜೆ ಗಾಡಿಯ ಅಡಿಯಿಂದ "ಕೂತಿತು" ಎಂದು ಕೂಗಿದವರು ಮೊಯ್ದಿಚ್ಚ ಅಲ್ಲ. ನಾನು. ಅವರ ದನಿ ತೆಗೆದು ನಾನು ಕೂಗಿದ್ದು.

ನೋಡಿ, ಎರಡು ಗೆರೆಯಲ್ಲಿ ಮುಗಿಯಿತು. ಇಷ್ಟು ಮಾತನ್ನು ನಾಲಿಗೆಯ ತುದಿಗೆ ತರಲಿಕ್ಕೆ ನನಗೆ ಹತ್ತು ವರ್ಷದ ಮೇಲೆ ಬೇಕಾಯಿತು. ಊರಿನ ಸಕಲ ಗಂಟಲುಗಳನ್ನೂ ನನ್ನ ಗಂಟಲಿನಲ್ಲಿಟ್ಟುಕೊಂಡು ತಿರುಗಿದವನು ನಾನು — ಬಸ್ ಕಂಡಕ್ಟರನದ್ದು, ಪಾದ್ರಿಗಳದ್ದು, ಕದ್ರಿ ಗುಡ್ಡೆಯಲ್ಲಿ ನಮ್ಮ ನೆರೆಮನೆಯ ಅಜ್ಜಿ ಕೋಳಿಗಳನ್ನು ಗೂಡಿಗೆ ಕರೆಯುವುದು, ಎಲ್ಲ. ಈ ಒಂದು ಮಾತಿಗೆ ಬೇಕಾದ ಗಂಟಲು ಮಾತ್ರ ನನ್ನಲ್ಲಿರಲಿಲ್ಲ. ಅದು ನನ್ನದೇ ಆಗಬೇಕಿತ್ತಲ್ಲ — ಅದಕ್ಕೆ.

ನನ್ನ ಹೆಸರು ಪದ್ಮನಾಭ. ಕರೆಯುವುದು ಪದ್ದು. ಬಲ್ಮಠದ ಕಡೆ ಕಾಲೇಜಿಗೆ ಹೋಗಿ ಇಂಟರ್‌ಮೀಡಿಯೆಟ್‌ನಲ್ಲಿ ಫೇಲಾದವನು. ಫೇಲಾದ ಸುದ್ದಿಯನ್ನು ಅಮ್ಮನಿಗೆ ಪ್ರಿನ್ಸಿಪಾಲರ ದನಿಯಲ್ಲಿ ಹೇಳಿ ನಗಿಸಲು ನೋಡಿದೆ. ಅಮ್ಮ ನಗಲಿಲ್ಲ. ನನ್ನ ಕಾಲು ಎಷ್ಟು ಸಪೂರವೆಂದರೆ ಖಾಕಿ ಚಡ್ಡಿಯೊಳಗೆ ಎರಡು ಛತ್ರಿ ಕಡ್ಡಿ ಇಟ್ಟ ಹಾಗೆ ಕಾಣುತ್ತದೆಂದು ಮೊದಲು ಹೇಳಿದವನೂ ನಾನೇ — ಬೇರೆಯವರು ಹೇಳುವ ಮೊದಲೇ ಹೇಳಿಬಿಟ್ಟರೆ ನೋವು ಕಡಿಮೆ. ಹೀಗೆ ಓದು ಇಲ್ಲದೆ, ಬೇರೆ ಕೆಲಸವೂ ಇಲ್ಲದೆ, ಪಡೀಲಿನ ರಸ್ತೆ ಬದಿಯಲ್ಲಿ ವಿಠಲ ಶೆಟ್ರು ಇಟ್ಟಿದ್ದ ವರ್ಕ್‌ಶಾಪಿಗೆ ಬಂದು ಸೇರಿದೆ. ಐವತ್ತರ ದಶಕದ ನಡುಭಾಗ. ಯುದ್ಧ ಮುಗಿದು ಎಷ್ಟೋ ಕಾಲವಾಗಿದ್ದರೂ ಮಿಲಿಟರಿಯವರು ಬಿಟ್ಟುಹೋದ ಗಾಡಿಗಳು ಹರಾಜಿನಲ್ಲಿ ಇನ್ನೂ ಸಿಗುತ್ತಿದ್ದ ಕಾಲ.

ಅಲ್ಲಿ ನಾವು ಮೂವರು. ಹೆಡ್ ಮೇಸ್ತ್ರಿ ಮೊಯ್ದಿನ್ — ಎಲ್ಲರಿಗೂ ಮೊಯ್ದಿಚ್ಚ. ಇಚ್ಚ ಅಂದರೆ ಬ್ಯಾರಿ ಮಾತಿನಲ್ಲಿ ಅಣ್ಣ. ಸ್ಪ್ಯಾನರ್ ಹಿಡಿಯುವವನು ಲೋರೆನ್ಸ್, ಕೊಂಕಣಿಯವನು, ಬಾಗಿಲಿನಷ್ಟು ಅಗಲದ ಬೆನ್ನು. ಮತ್ತೆ ನಾನು — ಬಂದರಿನ ಗುಜರಿ ಅಂಗಡಿಗಳನ್ನು ಸುತ್ತಿ, ಬೇಕಾದ ನಟ್ಟು, ಬೋಲ್ಟು, ಪೈಪು, ಫಿಟ್ಟಿಂಗು ಹುಡುಕಿ ತರುವವನು. ಮಾತು ಹೆಚ್ಚಿದ್ದವನಿಗೆ ಅಂಗಡಿ ತಿರುಗುವ ಕೆಲಸವೇ ಸರಿ ಅಂತ ಶೆಟ್ರ ಲೆಕ್ಕ.

ಮೊಯ್ದಿಚ್ಚರದ್ದು ಒಂದು ಕಾನೂನಿತ್ತು. ಪೈಪಿನ ಜಾಯಿಂಟು ಯಾವುದೇ ಇರಲಿ, ಮೊದಲು ಅವರು ಬೆರಳಿನಿಂದಲೇ ತಿರುಗಿಸಿ ನೋಡಬೇಕು. ಸಂಶಯ ಬಂದರೆ ಲಾಟೀನಿನ ಗಾಜಿನ ಮಸಿಯನ್ನು ಥ್ರೆಡ್ಡಿಗೆ, ಅಂದರೆ ತಿರುಪಿನ ಹಲ್ಲಿಗೆ ಸವರಿ, ಒಂದರೊಳಗೆ ಇನ್ನೊಂದನ್ನು ಹೊಗಿಸಿ, ಬಿಚ್ಚಿ, ಮಸಿ ಎಲ್ಲಿ ಒರೆಸಿಹೋಗಿದೆ ಎಂದು ನೋಡಬೇಕು. ಹಲ್ಲಿನ ಮೈಯಿಡೀ ಒರೆಸಿಹೋಗಿದ್ದರೆ ಅದು ಜೋಡಿ; ತುದಿಯಲ್ಲಿ ಮಾತ್ರ ಗೀಚಿದ್ದರೆ ಅದು ಜೋಡಿಯಲ್ಲ. ಅಷ್ಟಾದ ಮೇಲೆ ಗಾಡಿಯ ಅಡಿಯಿಂದ ಅವರು "ಕೂತಿತು" ಎನ್ನಬೇಕು. ಅವರು ಹಾಗೆ ಅನ್ನದೆ ಲೋರೆನ್ಸ್ ಸ್ಪ್ಯಾನರ್ ಇಡುವ ಹಾಗಿಲ್ಲ. ಅಂದ ಮೇಲೆ ಯಾರೂ ಆ ಜಾಯಿಂಟನ್ನು ಬಿಚ್ಚುವ ಹಾಗೂ ಇಲ್ಲ — ಸ್ವತಃ ಅವರೂ. ನಾವು ಮಾತಾಡುತ್ತಿದ್ದದ್ದು ತುಳು, ಬೈಯಲಿಕ್ಕೆ ಯಾವ ಭಾಷೆಯೂ ಆಗುತ್ತಿತ್ತು. ಆದರೆ ಈ ಮಾತು ಮಾತ್ರ ಕನ್ನಡದಲ್ಲೇ ಬರಬೇಕು. ಹರಟೆಯ ಜೊತೆ ಕೆಲಸದ ಮಾತು ಬೆರೆಯಬಾರದೆಂದು ಅವರೇ ಮಾಡಿಕೊಂಡದ್ದು.

ಅವರು ಅದನ್ನು ಹೇಳುವ ರೀತಿಯೇ ಬೇರೆ. ಮೊದಲು ಮೂಗಿನಿಂದ ಒಂದು ಉಸಿರು. ಆಮೇಲೆ ಗಂಟಲಲ್ಲೇ ಉಳಿಯುವ ಒಂದು "ಹ್ಞಾ". ಆಮೇಲೆ, ಮಗುವನ್ನು ಜಗಲಿಯಲ್ಲಿ ಮೆಲ್ಲ ಕೂರಿಸಿದ ಹಾಗೆ — "ಕೂತಿತು." ನಾನು ಬಂದ ಮೊದಲ ವಾರವೇ ಅದನ್ನು ಕಲಿತುಬಿಟ್ಟಿದ್ದೆ. ಮಧ್ಯಾಹ್ನ ಊಟಕ್ಕೆ ಕೂರುವಾಗ ನಾನು ಆ ದನಿಯಲ್ಲಿ "ಹ್ಞಾ… ಕೂತಿತು" ಅಂದರೆ ಲೋರೆನ್ಸನಿಗೆ ಗಂಜಿ ನೆತ್ತಿಗೇರುತ್ತಿತ್ತು. ಮೊಯ್ದಿಚ್ಚರೂ ನಗುತ್ತಿದ್ದರು. ಒಮ್ಮೆ ಮಾತ್ರ, ನಗು ಮುಗಿಸಿ, ಕೈ ಒರೆಸುತ್ತ, ಗಾಡಿಯ ಅಡಿಯಲ್ಲಿ ಇದು ಬೇಡ ಪದ್ದು, ಅಂದಿದ್ದರು. ಗಾಡಿಯ ಹೊರಗೆ ಎಷ್ಟು ಬೇಕಾದರೂ ಮಾಡು, ಅಡಿಯಲ್ಲಿ ಬೇಡ.

ಆ ವರ್ಷ ಶೆಟ್ರು ಹರಾಜಿನಲ್ಲಿ ಅಮೇರಿಕದ ಒಂದು ಮಿಲಿಟರಿ ಗಾಡಿ ಹಿಡಿದು ತಂದರು. ನಾಲ್ಕೂ ಚಕ್ರಕ್ಕೆ ಎಳೆತ. ಹೊಳೆ, ಗುಡ್ಡೆ, ಕೆಸರು ಏನೂ ಲೆಕ್ಕಕ್ಕಿಲ್ಲದ್ದು. ಮರುಭೂಮಿಗೆ ಅಂತ ಮಾಡಿದ್ದಂತೆ. ಅದಕ್ಕೇ ನೀರಿನ ರೇಡಿಯೇಟರಿನ ಮುಂದೆ ಎಂಜಿನ್ ಎಣ್ಣೆಯನ್ನು ತಣಿಸಲಿಕ್ಕೆ ಇನ್ನೊಂದು ಸಣ್ಣ ರೇಡಿಯೇಟರು — ಆಯಿಲ್ ಕೂಲರು — ಇತ್ತು. ಇತ್ತು ಎಂದರೆ, ಜಜ್ಜಿಹೋದ ಅದರ ಅವಶೇಷ ಇತ್ತು. ಪೈಪುಗಳೂ ಇರಲಿಲ್ಲ. ಗುಡ್ಡೆಯ ಮೇಲಿನಿಂದ ಮರ ಇಳಿಸುವ ಒಬ್ಬ ಕಂಟ್ರಾಕ್ಟರು ಈ ಗಾಡಿಯನ್ನು ನೋಡಿ ಬಾಡಿಗೆಗೆ ಕೇಳಿದ್ದರು. ಕೂಲರ್ ಇಲ್ಲದೆ ಭಾರ ಹೇರಿ ಗುಡ್ಡೆ ಹತ್ತಿಸಿದರೆ ಎಂಜಿನು ಸುಟ್ಟುಹೋಗುತ್ತದೆಂದು ಮೊಯ್ದಿಚ್ಚ ಹಟ ಹಿಡಿದರು. ಕೂಲರ್ ಹುಡುಕುವ ಕೆಲಸ ನನಗೆ ಬಂತು.

ಬಂದರಿನಲ್ಲಿ ನನಗೆ ಸಿಕ್ಕಿದ್ದು ಇಂಗ್ಲೆಂಡಿನ ಯಾವುದೋ ಲಾರಿಯ ಕೂಲರು, ಅದರದ್ದೇ ಪೈಪುಗಳ ಸಮೇತ. ಕೂಲರಿನ ಬದಿಗೆ ತೊಂದರೆಯಿಲ್ಲ, ಅದರ ಪೈಪು ಅದಕ್ಕೇ ಸರಿ. ತೊಂದರೆ ಎಂಜಿನಿನ ಬದಿಗೆ. ಎಂಜಿನಿನ ತೂತು ಅಮೇರಿಕದ್ದು, ಫಿಟ್ಟಿಂಗು ಇಂಗ್ಲೆಂಡಿನದ್ದು. ಇದರಲ್ಲಿ ಒಂದು ಮೋಸ ಉಂಟು. ಅರ್ಧ ಇಂಚಿನ ಪೈಪಾದರೆ ಎರಡೂ ದೇಶದವರ ಥ್ರೆಡ್ಡಿಗೂ ಇಂಚಿಗೆ ಒಂದೇ ಲೆಕ್ಕದ ಸುತ್ತು. ಕಣ್ಣಿಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದರೊಳಗೆ ಇನ್ನೊಂದು ಹೋಗುತ್ತದೆ ಕೂಡ, ಬಿಗಿಯೂ ಆಗುತ್ತದೆ. ಆದರೆ ಹಲ್ಲಿನ ಇಳಿಜಾರು ಬೇರೆ — ಕೂದಲಿನಷ್ಟು. ಸೆಣಬು ಸುತ್ತಿ, ಸೋರದಂತೆ ಹಚ್ಚುವ ಬಿಳಿ ಸಫೇದ ಬಳಿದರೆ ತಣ್ಣಗಿರುವಾಗ ಒಂದು ಹನಿ ಬೀಳುವುದಿಲ್ಲ. ಎಣ್ಣೆ ಕಾದು, ಗಾಡಿ ಅಲುಗಾಡಿದ ಮೇಲೆ —

ಇದನ್ನೆಲ್ಲ ಮೊಯ್ದಿಚ್ಚ ನನಗೆ ಮೊದಲೇ ಹೇಳಿದ್ದರು. ಬೇರೊಂದು ಗಾಡಿಯಿಂದ ಉಳಿದಿದ್ದ, ಒಳಗೆ ಥ್ರೆಡ್ಡಿರುವ ಅಮೇರಿಕದ ತುಂಡೊಂದನ್ನು ನನ್ನ ಕಿಸೆಗೆ ಹಾಕಿ, ಇದಕ್ಕೆ ಕೂರುವ ಫಿಟ್ಟಿಂಗನ್ನು ಅಂಗಡಿಯಲ್ಲೇ ಮಸಿ ಹಚ್ಚಿ ತಾಳೆ ನೋಡಿ ತಾ, ಸಿಗದಿದ್ದರೆ ಬಲ್ಮಠದ ಲೇತ್ ಮೆಷಿನಿನವರ ಹತ್ತಿರ ಒಂದು ಕಡೆ ಈ ಥ್ರೆಡ್ಡು, ಇನ್ನೊಂದು ಕಡೆ ಆ ಥ್ರೆಡ್ಡು ಇರುವ ಜೋಡಣೆ ಮಾಡಿಸುವ, ಅಂದಿದ್ದರು. ನಾನು ವಾರವಿಡೀ ಬಿಸಿಲಿನಲ್ಲಿ ಅಲೆದಿದ್ದೆ. ಕೊನೆಯ ದಿನ ಒಂದು ಗುಜರಿ ರಾಶಿಯಲ್ಲಿ ಒಂದು ಫಿಟ್ಟಿಂಗು ಕೈಗೆ ಬಂತು. ಕಿಸೆಯ ತುಂಡಿಗೆ ತಿರುಗಿಸಿದೆ, ಹೋಯಿತು. ಮಸಿ ಹಚ್ಚಲಿಲ್ಲ. ಮಸಿ ಎಲ್ಲಿಂದ ತರುವುದು ಮಾರಾಯ, ಸಾಕು ಅಂತ ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ. ವರ್ಕ್‌ಶಾಪಿಗೆ ಬಂದು, ಗುಜರಿಯವನ ದನಿಯಲ್ಲಿ, ಅಪ್ಪಟ ಅಮೇರಿಕದ್ದು ಸ್ವಾಮಿ, ಮಸಿ ನೋಡಿಯೇ ತಂದದ್ದು ಅಂದೆ. ಎಲ್ಲರೂ ನಕ್ಕರು. ಸುಳ್ಳು ಹೇಳುವಾಗ ಬೇರೆಯವರ ದನಿ ಇದ್ದರೆ ಅದು ಸುಳ್ಳೆಂದು ನಮಗೇ ಗೊತ್ತಾಗುವುದಿಲ್ಲ — ಇದು ನನಗೆ ತಡವಾಗಿ ಗೊತ್ತಾದದ್ದು.

ರಂಜಾನಿನ ತಿಂಗಳು. ಮೊಯ್ದಿಚ್ಚ ಉಪವಾಸ. ನೀರು ಕೂಡ ಇಲ್ಲದೆ ಬೆಳಗಿನಿಂದ ಕಾದ ಕಬ್ಬಿಣದ ಅಡಿಯಲ್ಲಿ ಮಲಗಿ ಕೆಲಸ. ಮರುದಿನ ಬೆಳಗ್ಗೆ ಕಂಟ್ರಾಕ್ಟರು ಬರುವವರು. ಶೆಟ್ರು ನಿಮಿಷಕ್ಕೊಮ್ಮೆ ಬಂದು ಬಗ್ಗಿ ನೋಡಿ ಕೆಮ್ಮಿ ಹೋಗುತ್ತಿದ್ದರು. ಆ ದಿನ ಮೊಯ್ದಿಚ್ಚ ಎಷ್ಟು ಸಲ "ಕೂತಿತು" ಅಂದಿದ್ದರೋ — ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಕೂಲರಿನ ಪೈಪು, ಒಂದಾದ ಮೇಲೊಂದು. ದನಿ ಒಣಗಿಹೋಗಿತ್ತು.

ಕೊನೆಗೆ ಉಳಿದದ್ದು ಎಂಜಿನಿನ ಬದಿಯ ಆ ಜಾಯಿಂಟು. ಕೈ ಹೋಗುವುದು ಕೆಳಗಿನಿಂದ, ಸ್ಪ್ಯಾನರ್ ಹೋಗುವುದು ಮೇಲಿನಿಂದ. ಮೇಲೆ ಬಾನೆಟ್ಟಿನ ಹತ್ತಿರ ಲೋರೆನ್ಸ್ ಕಾಯುತ್ತಿದ್ದ; ಅವನಿಗೆ ಕೆಳಗೆ ಏನೂ ಕಾಣದು. ಕೆಳಗೆ ನಾನು ಮೊಯ್ದಿಚ್ಚರ ಪಕ್ಕದಲ್ಲಿ ಮಲಗಿ ಲಾಟೀನು ಹಿಡಿದಿದ್ದೆ. ಅವರು ಫಿಟ್ಟಿಂಗನ್ನು ಬೆರಳಿನಿಂದ ತಿರುಗಿಸಿದರು. ನಿಲ್ಲಿಸಿದರು. ಹಿಂದಕ್ಕೆ ತಿರುಗಿಸಿದರು. ಪುನಃ ಮುಂದಕ್ಕೆ. ನಾನು ಅಳುಕಿದೆ — ಸುಳ್ಳು ಹೇಳುವುದಿಲ್ಲ, ಆಗಲೇ ಅಳುಕಿದ್ದೆ. ಬಳಿದ ಸಫೇದ ಒರೆಸಿ ಮಸಿ ಹಚ್ಚಿ ನೋಡುವ, ಎಂದು ಲಾಟೀನಿನ ಕಡೆ ಕೈ ಚಾಚಿದರು. ಅಷ್ಟರಲ್ಲಿ ಪಳ್ಳಿಯಿಂದ ಬಾಂಗು ಕೇಳಿತು — ಮಸೀದಿಯ ಸಂಜೆಯ ಕರೆ, ಉಪವಾಸ ಬಿಡುವ ಹೊತ್ತು.

ಮೊಯ್ದಿಚ್ಚ ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಮಲಗಿದರು. ಉಳಿದದ್ದು ನಾಳೆ ನೋಡುವ ಅಂತ ಗೊಣಗಿದ ಹಾಗಿತ್ತು. ನನಗೆ ಹೇಳಿದರೋ ತಮಗೆ ಹೇಳಿಕೊಂಡರೋ. ಹಿಂದಿನ ಚಕ್ರದ ಕಡೆಯಿಂದ ಜಾರಿ ಹೊರಗೆ ಹೋದರು. ಬಾವಿಕಟ್ಟೆಯ ಹತ್ತಿರ ಒಂದು ಖರ್ಜೂರ, ಒಂದು ಲೋಟ ನೀರು, ಅಲ್ಲಿಂದ ಪಳ್ಳಿಗೆ, ಪಳ್ಳಿಯಿಂದ ಮನೆಗೆ — ರಂಜಾನಿನಲ್ಲಿ ಅವರದ್ದು ಹೀಗೆಯೇ.

ನಾನು ಅಡಿಯಲ್ಲೇ ಉಳಿದೆ.

ಮೇಲಿನಿಂದ ಲೋರೆನ್ಸ್ ಕೇಳಿದ, ಮೊಯ್ದಿಚ್ಚ, ಕೂತಿತಾ, ನನಗೆ ಬಸ್ಸು ಉಂಟು.

ಆಗ ನಾನು ಮೂಗಿನಿಂದ ಒಂದು ಉಸಿರು ಬಿಟ್ಟೆ.

"ಹ್ಞಾ… ಕೂತಿತು."

ಸ್ಪ್ಯಾನರಿನ ಸದ್ದು ಬಂತು. ನನ್ನ ಮುಖದ ಮೇಲೆಯೇ ಆ ಫಿಟ್ಟಿಂಗು ತಿರುಗಿತು. ಬಿಳಿ ಸಫೇದ ಅಂಚಿನಿಂದ ಉಕ್ಕಿ ನನ್ನ ಕೆನ್ನೆಗೆ ಒಂದು ತೊಟ್ಟು ಬಿತ್ತು.

ಆಮೇಲೆ ಎಷ್ಟೋ ವರ್ಷ ನಾನು ನನಗೆ ಹೇಳಿಕೊಂಡದ್ದು — ತಮಾಷೆಗೆ ಮಾಡಿದೆ ಅಂತ. ಹೊರಗೆ ಬಂದು, ಹೇಗಿತ್ತು ಅಂತ ಕೇಳಿ, ಲೋರೆನ್ಸನ ಹತ್ತಿರ ನಾಲ್ಕು ಬೈಗುಳ ತಿಂದು, ಬಿಚ್ಚಿಸುವ ಅಂತಿದ್ದೆ, ಆದರೆ ಶೆಟ್ರು ಬಂದುಬಿಟ್ಟರು, ಎಲ್ಲ ಆಯಿತಾ ಅಂತ ಕೇಳಿದರು, ಲೋರೆನ್ಸ್ ಆಯಿತು ಅಂದ, ಶೆಟ್ರ ಮುಖದಲ್ಲಿ ಅಷ್ಟು ದಿನದಲ್ಲಿ ಮೊದಲ ಸಲ ನಗು ಕಂಡಿತು… ಹೀಗೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮಸಿ ಹಚ್ಚಿದರೆ ನಾನು ಹಚ್ಚದೆ ತಂದದ್ದು ಗೊತ್ತಾಗುತ್ತಿತ್ತು. ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದೆ, ನನಗೇ.

ಮರುದಿನ ಬೆಳಗ್ಗೆ ಮೊಯ್ದಿಚ್ಚ ಬಂದಾಗ ಗಾಡಿ ಅಂಗಳದಲ್ಲಿ ತಯಾರಾಗಿ ನಿಂತಿತ್ತು. ಕಂಟ್ರಾಕ್ಟರು ಬಂದು ಶೆಟ್ರ ಜೊತೆ ಕಾಫಿ ಕುಡಿಯುತ್ತಿದ್ದರು. ಮೊಯ್ದಿಚ್ಚ ನೇರ ಬಾನೆಟ್ಟಿನ ಹತ್ತಿರ ಹೋಗಿ ಬಗ್ಗಿ ನೋಡಿ, ಇದನ್ನು ಯಾರು ಬಿಗಿ ಮಾಡಿದ್ದು ಅಂತ ಕೇಳಿದರು. ನಾನೇ, ನೀವು ಹೇಳಿದ್ರಲ್ಲ, ಅಂದ ಲೋರೆನ್ಸ್. ಅವನು ಸುಳ್ಳಾಡುವವನಲ್ಲ. ಮೊಯ್ದಿಚ್ಚರಿಗೆ ಅದು ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಆ ಜಾಯಿಂಟನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಪದ್ದು, ನೀನು ಅಡಿಯಲ್ಲಿ ಇದ್ದೆಯಲ್ಲ. ನಾನು ಹೇಳಿದೆನಾ?"

ಅವರ ಮುಖದಲ್ಲಿ ಸಂಶಯ ಇರಲಿಲ್ಲ ನನ್ನ ಮೇಲೆ. ಅದನ್ನೇ ನಾನು ಮರೆಯಲಾರೆ. ಕನ್ನಡಿ ನೋಡುವ ಹಾಗೆ ನನ್ನನ್ನು ನೋಡಿದರು.

"ಹೇಳಿದ್ರಿ, ಮೊಯ್ದಿಚ್ಚ."

ಹೆದರಿ ಹಾಗೆ ಅಂದೆ ಎಂದು ಬರೆದರೆ ನೀವು ನಂಬಿಯೀರಿ. ಹೆದರಿಕೆ ಇತ್ತು. ಆದರೆ ಅದರ ಜೊತೆಗೆ ಇನ್ನೊಂದೂ ಇತ್ತು, ಬರೆಯಲು ನಾಚಿಕೆಯಾಗುತ್ತದೆ — ಹೆಮ್ಮೆ. ನನ್ನ ಅಣಕು ಎಷ್ಟು ಚೊಕ್ಕ ಎಂದರೆ ದನಿಯ ಧಣಿಗೇ ಅದು ತನ್ನದಲ್ಲವೆಂದು ಹೇಳಲಾಗುತ್ತಿಲ್ಲ! ಆ ಒಂದು ಗಳಿಗೆ ನನ್ನ ಒಳಗೆ ಯಾರೋ ಚಪ್ಪಾಳೆ ತಟ್ಟಿದರು. ಗಾಡಿಯಲ್ಲಿ ಕೂರುವವರ ಜೀವ, ಎದುರಿಗೆ ನಿಂತ ಮನುಷ್ಯನ ಮುಖ — ಎಲ್ಲ ಬಿಟ್ಟು ಆ ಚಪ್ಪಾಳೆಯೇ ನನಗೆ ಕೇಳಿದ್ದು.

ಹೇಳಿದ್ರೆ ಕೂತಿರಬೇಕು, ಎಂದರು ಮೊಯ್ದಿಚ್ಚ. ಬಿಚ್ಚಿಸಲಿಲ್ಲ. ತಾವು ಕೂತಿತು ಅಂದದ್ದನ್ನು ಬಿಚ್ಚುವುದಿಲ್ಲವಲ್ಲ ಅವರು.

ಲೋರೆನ್ಸ್ ಗಾಡಿ ಹತ್ತಿ ಸ್ಟಿಯರಿಂಗು ಹಿಡಿದ. ಪಕ್ಕದಲ್ಲಿ ಶೆಟ್ರು, ಕಂಟ್ರಾಕ್ಟರು. ಹಿಂದೆ ನಾನು, ಭಾರಕ್ಕೆ ಇಟ್ಟ ಕಲ್ಲುಗಳ ಮೇಲೆ ಕೂತು. ಬಂಟ್ವಾಳದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿ ಒಂದು ಗುಡ್ಡೆಯ ಮಣ್ಣು ದಾರಿಗೆ ತಿರುಗಿದೆವು. ಗಾಡಿ ಆನೆಯ ಹಾಗೆ ಹತ್ತಿತು. ನಾನು ಹಿಂದೆ ಕೂತು ಬಸ್ ಕಂಡಕ್ಟರನ ದನಿಯಲ್ಲಿ ಸ್ಟಾಪುಗಳ ಹೆಸರು ಕೂಗುತ್ತಿದ್ದೆ. ಕಂಟ್ರಾಕ್ಟರು ಹೊಟ್ಟೆ ಹಿಡಿದು ನಗುತ್ತಿದ್ದರು. ಮೊದಲು ಬಂದದ್ದು ವಾಸನೆ. ಆಮೇಲೆ ನೀಲಿ ಹೊಗೆ. ಲೋರೆನ್ಸ್ ಗಾಡಿ ನಿಲ್ಲಿಸಿ, ಎಂಜಿನು ಆರಿಸುವ ಮೊದಲೇ ಇಳಿದು ಬಾನೆಟ್ಟು ಎತ್ತಿ ಕೈ ಹಾಕಿದ. ಅದೇ ಹೊತ್ತಿಗೆ ಜಾಯಿಂಟು ಬಿಟ್ಟುಕೊಂಡಿತು. ಕುದಿಯುವ ಎಣ್ಣೆ ಅವನ ಎಡಗೈಗೆ, ಮೊಣಕೈಯಿಂದ ಬೆರಳಿನವರೆಗೆ. ಉಳಿದದ್ದು ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಭಗ್ ಅಂತ ಹೊತ್ತಿಕೊಂಡಿತು.

ಅವನು ಕೂಗಿದ ಕೂಗಿಗೆ ಯಾವ ಭಾಷೆಯೂ ಇರಲಿಲ್ಲ. ಯಾರ ದನಿಯನ್ನೂ ಒಮ್ಮೆ ಕೇಳಿದರೆ ತೆಗೆಯಬಲ್ಲ ನಾನು ಆ ದನಿಯನ್ನು ಈವರೆಗೆ… ಇಲ್ಲ, ಅದು ಬೇಡ.

ಮಣ್ಣು ಎರಚಿ ಬೆಂಕಿ ಆರಿಸಿದೆವು. ಲೋರೆನ್ಸನನ್ನು ದಾರಿಯಲ್ಲಿ ಸಿಕ್ಕಿದ ಬಸ್ಸಿನಲ್ಲಿ ಆಸ್ಪತ್ರೆಗೆ ಕೊಂಡುಹೋದೆವು. ಅವನು ಬದುಕಿದ. ಕೈ ಉಳಿಯಿತು, ಚರ್ಮ ಮಾತ್ರ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ, ಕೊನೆಯ ಎರಡು ಬೆರಳು ಮಡಚದ ಹಾಗಾಯಿತು.

ಸುದ್ದಿ ತಿಳಿದು ಮೊಯ್ದಿಚ್ಚ ಓಡಿ ಬಂದರು. ಆಸ್ಪತ್ರೆಯ ವರಾಂಡದಲ್ಲಿ ಶೆಟ್ರು ಅವರಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ. ಮೊಯ್ದಿಚ್ಚ ನನ್ನನ್ನು ಕಂಬದ ಹಿಂದಕ್ಕೆ ಕರೆದು, ಈ ಸಲ ಬಹಳ ಮೆಲ್ಲಗೆ, ಪುನಃ ಅದನ್ನೇ ಕೇಳಿದರು — ನಾನು ಹೇಳಿದೆನಾ ಪದ್ದು, ನಿನಗೆ ಸರಿ ನೆನಪು ಉಂಟಾ? ನಾನು ಹೌದೆಂದು ತಲೆಯಾಡಿಸಿದೆ.

ಅವರು ಅವತ್ತೇ ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ. ನನ್ನ ಬೆರಳಿಗೆ ಗೊತ್ತಾಗದ್ದನ್ನು ನನ್ನ ಬಾಯಿ ಹೇಳಿದೆ, ಇನ್ನು ಈ ಕೈಯನ್ನು ನಂಬಿ ಯಾರೂ ಗಾಡಿ ಹತ್ತಬಾರದು, ಅಂದರಂತೆ ಶೆಟ್ರ ಹತ್ತಿರ. ಬಂದರಿನಲ್ಲಿ ತಮ್ಮನದೊಂದು ಹಗ್ಗದ ಅಂಗಡಿ ಇತ್ತು, ದೋಣಿಯವರಿಗೆ ಮಾರುವುದು. ಅಲ್ಲಿ ಹೋಗಿ ಕೂತರು. ಮತ್ತೆ ವರ್ಕ್‌ಶಾಪಿನಲ್ಲಿ ಗಾಡಿಯ ಅಡಿಗೆ ಹೋಗುವವರು ಯಾರು? ಸಪೂರ ಕಾಲಿನವನು ಸುಲಭವಾಗಿ ಜಾರಿ ಹೋಗುತ್ತಾನೆ, ಅವರ ಹತ್ತಿರವೇ ಇದ್ದು ಕೆಲಸ ಕಲಿತಿದ್ದಾನೆ ಅಂತ ಶೆಟ್ರು ನನ್ನನ್ನೇ ಹಾಕಿದರು. ಹೀಗೆ "ಕೂತಿತು" ಅನ್ನುವ ಅಧಿಕಾರ ನನಗೆ ಬಂತು. ಕದ್ದ ದನಿಯ ಬೆನ್ನಿಗೆ ಕೆಲಸವೂ ಬಂತು. ಇದಕ್ಕೆ ನಗಬೇಕು, ನನ್ನ ಸ್ವಭಾವಕ್ಕೆ. ನಗು ಬರುವುದಿಲ್ಲ.

ನಾನು ಆ ಹಗ್ಗದ ಅಂಗಡಿಗೆ ಹೋಗುತ್ತಿದ್ದೆ. ಹೇಳಲಿಕ್ಕೆಂದೇ ಹೋಗುವುದು, ಹೋದ ಕೂಡಲೇ ಶೆಟ್ರ ಕೆಮ್ಮು, ಕಂಡಕ್ಟರು, ಪಾದ್ರಿ, ಒಂದೊಂದಾಗಿ ತೆಗೆದು ಅವರನ್ನು ನಗಿಸಿ, ಚಾ ಕುಡಿದು ವಾಪಸು ಬರುವುದು. ಅವರೂ ನಗುತ್ತಿದ್ದರು. ಆದರೆ ಗಿರಾಕಿ ಬಂದಾಗ ನಾನು ನೋಡುತ್ತಿದ್ದೆ. ಮೊಯ್ದಿಚ್ಚ ಹಗ್ಗವನ್ನು ಮಾರು ಹಾಕಿ ಅಳೆಯುತ್ತಿದ್ದರು. ಇನ್ನೊಮ್ಮೆ ಅಳೆಯುತ್ತಿದ್ದರು. ಆಮೇಲೆ ಗಿರಾಕಿಯ ಕೈಗೇ ಕೊಟ್ಟು, ನೀವೊಮ್ಮೆ ಅಳೆದು ನೋಡಿ, ಅನ್ನುತ್ತಿದ್ದರು. ಕೂದಲಿನಷ್ಟು ವ್ಯತ್ಯಾಸವನ್ನು ಬೆರಳಿನ ತುದಿಯಲ್ಲಿ ಹಿಡಿದವರು. ದೋಣಿಯವರು ಹಿಂದಿನಿಂದ ನಗಾಡುತ್ತಿದ್ದರು — ಬ್ಯಾರಿಗೆ ತನ್ನ ಕೈಯ ಮೇಲೆಯೇ ಸಂಶಯ, ಅಂತ. ಅವರ ತಮ್ಮ ಒಮ್ಮೆ ನನ್ನ ಹತ್ತಿರ ಹೇಳಿದ: ಮನೆಯಲ್ಲಿಯೂ ಹೀಗೆಯೇ, ನಮಾಜು ಮುಗಿಸಿ ಎದ್ದು ಬಂದು ನಾನು ನಮಾಜು ಮಾಡಿದೆನಾ ಅಂತ ಅತ್ತಿಗೆಯ ಹತ್ತಿರ ಕೇಳ್ತಾರೆ. ಅತ್ತಿಗೆ, ಮಾಡಿದ್ರಿ, ನಾನು ನೋಡಿದೆ, ಅಂದರೆ ಮಾತ್ರ ಸಮಾಧಾನ.

ನಾನು ಅವರಿಂದ ಕೆಲಸ ಕಿತ್ತುಕೊಂಡೆ ಅಂತ ಮಾತ್ರ ಅಂದುಕೊಂಡಿದ್ದೆ. ಅಲ್ಲ. ಅವರಿಂದ ಅವರನ್ನೇ ಕಿತ್ತುಕೊಂಡಿದ್ದೆ. ಅವರು ದಿನಾ ತಮ್ಮ ಸಾಕ್ಷಿಗೆ ಬೇರೆಯವರನ್ನು ಹುಡುಕುತ್ತಿದ್ದರು. ಅವರ ಪರವಾಗಿ ಸಾಕ್ಷಿ ಹೇಳಬಲ್ಲ ಒಬ್ಬನೇ ಒಬ್ಬ, ಎದುರಿಗೆ ಕೂತು ಚಾ ಕುಡಿಯುತ್ತಿದ್ದ.

ಈ ವರ್ಷ ಮಳೆ ನಿಂತ ಮೇಲೆ ಒಂದು ಶುಕ್ರವಾರ, ಮಧ್ಯಾಹ್ನದ ಹೊತ್ತು, ಅಂಗಡಿಗೆ ಹೋಗದೆ ಅವರ ಮನೆಗೇ ಹೋದೆ. ಜಗಲಿಯಲ್ಲಿ ಕೂತಿದ್ದರು, ಗಡ್ಡ ಪೂರ ಬೆಳ್ಳಗಾಗಿದೆ. ಒಳಬಾಗಿಲಿನ ಪರದೆಯ ಆಚೆ ಅವರ ಮನೆಯವರು ಆಸಿಯಮ್ಮ ಪಾತ್ರೆ ತೊಳೆಯುವ ಸದ್ದು. ನನ್ನನ್ನು ಕಂಡ ಕೂಡಲೇ ಮೊಯ್ದಿಚ್ಚ, ಬಾ ಬಾ, ಇವತ್ತು ಯಾರನ್ನು ಕರಕೊಂಡು ಬಂದಿದ್ದೀ, ಅಂತ ಕೇಳಿದರು. ಅಣಕಿನ ಬಗ್ಗೆ ಅವರು ಯಾವಾಗಲೂ ಮಾಡುವ ತಮಾಷೆ ಅದು.

ಯಾರನ್ನೂ ತರಲಿಲ್ಲ ಮೊಯ್ದಿಚ್ಚ, ಅಂದೆ. ಹೇಳಿದೆ. ನಿಂತುಕೊಂಡೇ ಹೇಳಿದೆ. ಮಸಿ ಹಚ್ಚದ್ದು, ಲಾಟೀನು, ಬಾಂಗು, ಲೋರೆನ್ಸನ ಬಸ್ಸು, ಬೆಳಗ್ಗೆ ಹೇಳಿದ್ರಿ ಅಂದದ್ದು, ಆಸ್ಪತ್ರೆಯಲ್ಲಿ ತಲೆಯಾಡಿಸಿದ್ದು. ಆ ಚಪ್ಪಾಳೆಯ ವಿಷಯ ಕೂಡ. ನನ್ನ ಸ್ವಂತ ದನಿ ನನಗೇ ಗುರುತು ಸಿಗಲಿಲ್ಲ — ತೆಳ್ಳಗೆ, ಒಡೆದು, ಇಂಟರ್‌ಮೀಡಿಯೆಟ್ ಫೇಲಾದವನ ದನಿ.

ಅವರು ಬೈಯಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಂಡರು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರು, ಏನನ್ನೋ ತಿರುಗಿಸುವ ಹಾಗೆ. ಆಮೇಲೆ ತಲೆಯೆತ್ತದೆ ಹೇಳಿದರು —

"ಹೇಗೆ ಹೇಳಿದ್ದು? ಹೇಳು."

ಬೇಡ ಮೊಯ್ದಿಚ್ಚ, ಅಂದೆ. ಹೇಳು, ಅಂದರು. ಕೈ ಮುಗಿದೆ. ಪುನಃ, ಹೇಳು, ಅಂದರು.

ಮೂಗಿನಿಂದ ಉಸಿರು ಬಿಟ್ಟೆ. ದನಿ ಎಲ್ಲಿಗೂ ಹೋಗಿರಲಿಲ್ಲ. ಗಂಟಲಲ್ಲಿ ಅವತ್ತಿನ ಹಾಗೆಯೇ ಕೂತಿತ್ತು. ಅವರದ್ದು ಒಣಗಿ ಮುದಿಯಾಗಿದೆ. ನನ್ನ ಹತ್ತಿರ ಇದ್ದದ್ದು ಅವರ ಒಳ್ಳೆಯ ದಿನಗಳದ್ದು.

"ಹ್ಞಾ… ಕೂತಿತು."

ಒಳಗೆ ಪಾತ್ರೆಯ ಸದ್ದು ನಿಂತಿತು. ಪರದೆಯ ಆಚೆಯಿಂದ ಆಸಿಯಮ್ಮ, ಎಂತ ಕೂತಿತು, ಯಾರಿಗೆ ಹೇಳಿದ್ದು ನೀವು, ಎಂದು ಗಂಡನನ್ನು ಕೇಳಿದರು.

ಮೊಯ್ದಿಚ್ಚ ಮೆಲ್ಲ ಪರದೆಯ ಕಡೆ ತಿರುಗಿದರು.

"ನಾನಲ್ಲ," ಎಂದರು. ಆಮೇಲೆ ಇನ್ನೂ ಗಟ್ಟಿಯಾಗಿ — "ಆಸ್ಯಾ, ಕೇಳಿತಾ? ನಾನು ಹೇಳಿದ್ದಲ್ಲ."

ಆಸಿಯಮ್ಮ ಪರದೆ ಸರಿಸಿ ಬಾಗಿಲಿಗೆ ಬಂದು ನಿಂತರು. ಒದ್ದೆ ಕೈ. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ಅಷ್ಟು ವರ್ಷ ದಿನಾ, ನೀವು ಮಾಡಿದ್ರಿ, ನಾನು ನೋಡಿದೆ, ಎಂದು ಹೇಳಿ ಹೇಳಿ ಗಂಡನನ್ನು ನಿಲ್ಲಿಸಿಕೊಂಡವರು ಅವರು. ಅವರಿಗೆ ಎಲ್ಲ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟರು.

ನಾನು ಹೊರಟಾಗ ಮೊಯ್ದಿಚ್ಚ ಒಂದೇ ಮಾತು ಹೇಳಿದರು. ಕ್ಷಮೆಯ ಮಾತಲ್ಲ, ಶಾಪವೂ ಅಲ್ಲ. "ಅದನ್ನು ಇಲ್ಲಿಟ್ಟು ಹೋಗು, ಪದ್ದು." ಏನನ್ನು ಅಂತ ನಾನು ಕೇಳಲಿಲ್ಲ. ಆಮೇಲೆ ಒಮ್ಮೆಯೂ ಆ ದನಿ ತೆಗೆದಿಲ್ಲ. ಹಗ್ಗದ ಅಂಗಡಿಗೂ ಹೋಗಿಲ್ಲ. ಚಾ ಕುಡಿಯಲು ನನ್ನನ್ನು ಅವರು ಕರೆದಿಲ್ಲ. ಗಿರಾಕಿಗೆ ಹಗ್ಗ ಎಷ್ಟು ಸಲ ಅಳೆದು ಕೊಡುತ್ತಾರೋ, ಕೇಳಲು ನನಗೆ ಬಾಯಿಲ್ಲ.

ಮರುದಿನ ಲೋರೆನ್ಸನಿಗೆ ಹೇಳಿದೆ. ಅವನು ಬಾನೆಟ್ಟಿನ ಹತ್ತಿರ ನಿಂತಿದ್ದ, ಸುಟ್ಟ ಕೈಯಲ್ಲಿ ಸ್ಪ್ಯಾನರು. ಹೊಡೆಯುತ್ತಾನೆಂದು ಕಾದೆ. ಅವನು ಸ್ಪ್ಯಾನರನ್ನು ಮಡ್‌ಗಾರ್ಡಿನ ಮೇಲೆ ಸದ್ದಾಗದ ಹಾಗೆ ಇಟ್ಟು, ಹೊರಗೆ ಹೋಗಿ ಬಾವಿಕಟ್ಟೆಯಲ್ಲಿ ಕೂತ. ಸಂಜೆಯವರೆಗೆ ಬರಲಿಲ್ಲ.

ಈಗಲೂ ನಾವಿಬ್ಬರೂ ಅಲ್ಲೇ ಕೆಲಸ ಮಾಡುತ್ತೇವೆ. ಶೆಟ್ರಿಗೂ ಹೇಳಿದ್ದೇನೆ, ಅವರು ಕೆಮ್ಮಲಿಲ್ಲ, ಕಿಟಕಿಯ ಹೊರಗೆ ನೋಡಿದರು. ನಾನು ಅಡಿಯಲ್ಲಿ ಮಲಗಿ ಬೆರಳಿನಿಂದ ತಿರುಗಿಸಿ ನೋಡುತ್ತೇನೆ, ಸಂಶಯ ಇರಲಿ ಇಲ್ಲದಿರಲಿ ಮಸಿ ಹಚ್ಚುತ್ತೇನೆ, ಆಮೇಲೆ ನನಗಿರುವ ಈ ತೆಳ್ಳಗಿನ ದನಿಯಲ್ಲಿ ಕೂತಿತು ಅನ್ನುತ್ತೇನೆ. ಲೋರೆನ್ಸ್ ಸ್ಪ್ಯಾನರ್ ಇಡುವುದಿಲ್ಲ. ಆ ಅಗಲದ ಬೆನ್ನನ್ನು ನೆಲಕ್ಕೆ ಹಾಕಿ, ಏದುಸಿರು ಬಿಡುತ್ತ ತಾನೇ ಗಾಡಿಯ ಅಡಿಗೆ ಬರುತ್ತಾನೆ. ಮಡಚದ ಬೆರಳುಗಳ ಕೈಯಿಂದ ಆ ಜಾಯಿಂಟನ್ನು ತಿರುಗಿಸಿ ನೋಡುತ್ತಾನೆ. ನನ್ನ ಮುಖ ನೋಡುವುದಿಲ್ಲ. ನಾನು ಲಾಟೀನನ್ನು ಅವನ ಕೈಯ ಹತ್ತಿರಕ್ಕೆ ಹಿಡಿದು, ಪಕ್ಕಕ್ಕೆ ಸರಿದು ಜಾಗ ಬಿಡುತ್ತೇನೆ.